ಪರಸ್ಥಳದ ಊಟವೂ ಪರಿಮಾಣ ವ್ರತವೂ

ಆಹಾರವಿಲ್ಲದೆ ದೇಹ ನಿಲ್ಲದು; ದೇಹ ನಿಲ್ಲದೆ ಗೃಹಸ್ಥನ ಧರ್ಮಸಾಧನೆ ನಡೆಯದು. ಆದ್ದರಿಂದಲೇ ಶ್ರಾವಕಾಚಾರವನ್ನು ನಿರೂಪಿಸಿದ ಆಚಾರ್ಯರು ಊಟದ ವಿಷಯವನ್ನು ಅಲ್ಪವೆಂದು ಬದಿಗೆ ಸರಿಸದೆ, ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು, ಯಾವ ಭಾವದಿಂದ ಉಣ್ಣಬೇಕು ಎಂಬ ಪ್ರಶ್ನೆಗಳನ್ನೆಲ್ಲ ವಿಚಾರಿಸಿದ್ದಾರೆ. ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆ ಮಾತ್ರ ಅವರ ಕಾಲದಲ್ಲಿ ಇಷ್ಟು ದೊಡ್ಡದಾಗಿರಲಿಲ್ಲ. ಗೃಹಸ್ಥನು ತನ್ನ ಮನೆಯಲ್ಲಿ ಉಣ್ಣುತ್ತಿದ್ದನು. ಪಯಣ ಹೊರಟರೆ ಬುತ್ತಿ ಕಟ್ಟಿಕೊಳ್ಳುತ್ತಿದ್ದನು. ದೂರದ ಊರಿನಲ್ಲಿ ಸಾಧರ್ಮಿಯೊಬ್ಬನ ಮನೆಯೋ ಬಸದಿಯ ಬಳಿಯ ಛತ್ರವೋ ಅವನಿಗೆ ಆಶ್ರಯವಾಗುತ್ತಿತ್ತು. ದಿಗ್ವ್ರತವೂ ದೇಶಾವಕಾಶಿಕ ವ್ರತವೂ ಅವನ ಸಂಚಾರಕ್ಕೇ ಒಂದು ಎಲ್ಲೆಯನ್ನು ಹಾಕಿದ್ದವು.

ಇಂದಿನ ಗೃಹಸ್ಥನ ಸ್ಥಿತಿ ಬೇರೆ. ವ್ಯಾಪಾರದ ನಿಮಿತ್ತ ಒಂದೇ ತಿಂಗಳಲ್ಲಿ ಮುಂಬಯಿ, ಅಹಮದಾಬಾದು, ಇಂದೂರು, ಕೋಲ್ಕತ್ತಗಳನ್ನು ಸುತ್ತಿ ಬರುವವರಿದ್ದಾರೆ. ವಿದ್ಯಾಭ್ಯಾಸಕ್ಕೆಂದು, ಉದ್ಯೋಗಕ್ಕೆಂದು ಮನೆಬಿಟ್ಟ ಮಕ್ಕಳು ವರ್ಷವಿಡೀ ಹೊರಗಿನ ಅನ್ನವನ್ನೇ ಉಣ್ಣುತ್ತಾರೆ. ಹೀಗೆ ಹೊರಗೆ ಉಣ್ಣುವವರಲ್ಲಿ ಎರಡು ಬಗೆಯ ಮನೋಭಾವಗಳು ಕಾಣುತ್ತವೆ. ಹೋಟೆಲಿನ ತಿಂಡಿಪಟ್ಟಿಯಲ್ಲಿ ‘ಜೈನ’ ಎಂಬ ಎರಡಕ್ಷರವನ್ನು ಕಂಡೊಡನೆ ವ್ರತವು ಸುರಕ್ಷಿತವಾಯಿತೆಂದು ಸಮಾಧಾನಪಡುವವರು ಕೆಲವರು. ಹೊರಗೆ ಕಾಲಿಟ್ಟ ಮೇಲೆ ವ್ರತವೆಲ್ಲಿಯದು, ಎಲ್ಲವೂ ಕೆಟ್ಟಿತಲ್ಲ, ಇನ್ನು ಏನನ್ನು ತಿಂದರೇನು ಎಂದು ಕೈಚೆಲ್ಲುವವರು ಮತ್ತೆ ಕೆಲವರು. ಮೇಲುನೋಟಕ್ಕೆ ಇವರಿಬ್ಬರೂ ವಿರುದ್ಧ ದಿಕ್ಕಿನವರು. ವಿಚಾರಿಸಿ ನೋಡಿದರೆ ಇಬ್ಬರ ನಂಬಿಕೆಯೂ ಒಂದೇ: ವ್ರತವು ಅಡಿಗೆಮನೆಯಲ್ಲಿ ಇರುತ್ತದೆ, ಅಡಿಗೆಮನೆ ಅದನ್ನು ಉಳಿಸಿದರೆ ಉಳಿಯಿತು, ಕೆಡಿಸಿದರೆ ಕೆಟ್ಟಿತು. ಈ ನಂಬಿಕೆ ಸರಿಯೇ? ವ್ರತವು ತಟ್ಟೆಯಲ್ಲಿರುವ ಪದಾರ್ಥದ ಗುಣವೋ, ಉಣ್ಣುವವನ ಸಂಕಲ್ಪದ ಗುಣವೋ? ಈ ಪ್ರಶ್ನೆ ಇತ್ಯರ್ಥವಾಗದೆ ಹೊರಗಿನ ಊಟದ ವಿಷಯವಾಗಿ ಯಾವ ನಿರ್ಣಯವೂ ಸಾಧ್ಯವಿಲ್ಲ.

ಮನಸ್ಸು ಶುದ್ಧವಾಗಿದ್ದರೆ ಸಾಕು, ಪದಾರ್ಥ ಹೇಗಿದ್ದರೇನು ಎಂಬ ಮಾತನ್ನು ಮೊದಲೇ ತಳ್ಳಿಹಾಕಬೇಕು. ಪದಾರ್ಥದ ವಿಚಾರವೇ ಮೊದಲ ಮೆಟ್ಟಿಲು. ಕಂದಮೂಲಗಳು ಅನಂತಕಾಯಗಳು; ಒಂದು ಗಡ್ಡೆಯಲ್ಲಿ ಒಂದಲ್ಲ, ಅನಂತ ಜೀವಗಳಿಗೆ ಆಶ್ರಯವಿದೆ ಎಂಬುದು ಜಿನಾಗಮದ ದೃಷ್ಟಿ. ಮದ್ಯ, ಮಾಂಸ, ಮಧುಗಳ ತ್ಯಾಗ ಮೂಲಗುಣಗಳಲ್ಲಿ ಸೇರಿದುದು; ಅದಿಲ್ಲದೆ ಶ್ರಾವಕನೆಂಬ ಹೆಸರೇ ಸಲ್ಲದು. ಹೀಗಿರುವಲ್ಲಿ ಹೊರಗಿನ ಅಡಿಗೆಮನೆಯ ರೀತಿಯನ್ನು ತಿಳಿಯದೆ ಅಲ್ಲಿ ಊಟಕ್ಕೆ ಕುಳಿತುಕೊಳ್ಳುವುದು ಪ್ರಮಾದವೇ ಸರಿ.

ಬೆಂಗಳೂರಿನ ಒಂದು ಸಾಮಾನ್ಯ ಉಪಾಹಾರ ಗೃಹವನ್ನು ತೆಗೆದುಕೊಳ್ಳೋಣ. ಗಿರಾಕಿಯು ಮಸಾಲೆ ದೋಸೆಯನ್ನು ಬಿಟ್ಟು ಸಾದಾ ದೋಸೆಯನ್ನು ಕೇಳಿ, ಆಲೂಗಡ್ಡೆಯ ಪಲ್ಯದಿಂದ ಪಾರಾದೆನೆಂದು ತಿಳಿಯುತ್ತಾನೆ. ಆದರೆ ಅನೇಕ ಹೋಟೆಲುಗಳಲ್ಲಿ ಕಾವಲಿಗೆ ಎಣ್ಣೆ ಸವರುವುದು ಅರ್ಧ ಕತ್ತರಿಸಿದ ಈರುಳ್ಳಿಯಿಂದ. ಅದೇ ಕಾವಲಿಯ ಮೇಲೆ ಈರುಳ್ಳಿ ದೋಸೆಯೂ ಬೇಯುತ್ತದೆ. ಒಂದೇ ಸಟ್ಟುಗ ಎರಡನ್ನೂ ಮಗುಚುತ್ತದೆ. ಮೊಸರುವಡೆಯಲ್ಲಿ ಈರುಳ್ಳಿಯಿಲ್ಲ, ನಿಜ; ಆದರೆ ಅದು ಉದ್ದು ಮತ್ತು ಮೊಸರು ಕೂಡಿದ ಪದಾರ್ಥ. ಕಾಯಿಸದ ಗೋರಸವು ದ್ವಿದಳ ಧಾನ್ಯದೊಡನೆ ಸೇರಿದುದನ್ನು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವರ್ಜ್ಯವೆಂದು ಹೇಳಿದ್ದಾರೆ. ಆ ಮೊಸರು ಕಾಯಿಸಿದ ಹಾಲಿನದೋ ಅಲ್ಲವೋ ಎಂಬುದನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಹೇಳಬಲ್ಲನೇ? ಹಿಟ್ಟಿಗೆ ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು ದಿನ, ಮಳೆಗಾಲದಲ್ಲಿ ಮೂರು ದಿನ ಎಂಬ ಮರ್ಯಾದೆಯನ್ನು ದಿಗಂಬರ ಮನೆಗಳಲ್ಲಿ ಹಿರಿಯರು ಪಾಲಿಸುತ್ತ ಬಂದಿದ್ದಾರೆ. ಹೋಟೆಲಿನ ಉಗ್ರಾಣದ ಹಿಟ್ಟಿಗೆ ಈ ಲೆಕ್ಕವಿಲ್ಲ.

ಪೊಟ್ಟಣದ ತಿನಿಸುಗಳ ಮೇಲಿರುವ ಹಸಿರು ಚುಕ್ಕೆಯೂ ಪೂರ್ಣ ಭರವಸೆಯಲ್ಲ. ಭಾರತದ ಆಹಾರ ನಿಯಮಗಳು ಪ್ರಾಣಿಜನ್ಯ ಪದಾರ್ಥಗಳನ್ನು ಮಾಂಸಾಹಾರವೆಂದು ಗಣಿಸುವಾಗ ಹಾಲನ್ನೂ ಹಾಲಿನ ಪದಾರ್ಥಗಳನ್ನೂ ಜೇನನ್ನೂ ಹೊರತುಪಡಿಸಿವೆ. ಆದುದರಿಂದ ಜೇನು ಬೆರೆತ ಸಿಹಿಯೂ ಹಸಿರು ಚುಕ್ಕೆಯನ್ನು ಧರಿಸಬಹುದು. ಸರಕಾರದ ಲೆಕ್ಕದಲ್ಲಿ ಅದು ಸಸ್ಯಾಹಾರ. ಶ್ರಾವಕನಿಗೆ ಅದು ಮೂಲಗುಣದ ಭಂಗ. ಕೃಷ್ಣಭಕ್ತಿ ಪಂಥದವರು ನಗರಗಳಲ್ಲಿ ನಡೆಸುವ ಭೋಜನಾಲಯಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಗಳಿಗೆ ಪ್ರವೇಶವಿಲ್ಲ, ಆಲೂಗಡ್ಡೆಗೆ ಅಡ್ಡಿಯಿಲ್ಲ. ಅವರು ಬಿಡುವುದು ರಜಸ್ತಮೋಗುಣಗಳ ಕಾರಣದಿಂದ. ಜೈನನು ಬಿಡುವುದು ಜೀವದಯೆಯ ಕಾರಣದಿಂದ. ಬಿಟ್ಟ ಪದಾರ್ಥ ಒಂದೇ ಆದರೂ ಬಿಟ್ಟ ಕಾರಣ ಬೇರೆಯಾದಾಗ ಪಟ್ಟಿಗಳೂ ಬೇರೆಯಾಗುತ್ತವೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಎರವಲು ಪಡೆದರೆ ಎಲ್ಲಿಯೋ ಒಂದು ಕಡೆ ಕೊರತೆ ಉಳಿದೇ ಉಳಿಯುತ್ತದೆ.

ನೀರಿನ ವಿಷಯದಲ್ಲಿ ಈ ಭೇದ ಇನ್ನೂ ಸ್ಪಷ್ಟ. ಇಂದಿನ ಹೋಟೆಲುಗಳಲ್ಲಿ ಯಂತ್ರದಿಂದ ಶುದ್ಧಿಮಾಡಿದ ನೀರು ದೊರೆಯುತ್ತದೆ. ಮನೆಯ ಬಾವಿಯ ನೀರಿಗಿಂತ ಅದು ನಿರ್ಮಲವೆಂದು ಕೆಲವರು ವಾದಿಸುತ್ತಾರೆ. ಆರೋಗ್ಯದ ದೃಷ್ಟಿಯಿಂದ ಅದು ಇರಬಹುದು. ಆದರೆ ಆ ಯಂತ್ರ ಶುದ್ಧಿಮಾಡುವುದು ಕುಡಿಯುವವನಿಗಾಗಿ. ಶ್ರಾವಕಿಯು ದಪ್ಪ ಬಟ್ಟೆಯನ್ನು ಮಡಿಸಿ ನೀರನ್ನು ಸೋಸುವುದು ನೀರಿನಲ್ಲಿರುವ ಜೀವಗಳಿಗಾಗಿ. ಆದ್ದರಿಂದಲೇ ಆಕೆ ಬಟ್ಟೆಯಲ್ಲಿ ಉಳಿದುದನ್ನು ಚೆಲ್ಲದೆ, ಆ ನೀರು ಬಂದ ಬಾವಿಗೋ ಕೆರೆಗೋ ಮೆಲ್ಲನೆ ಮರಳಿಸುತ್ತಾಳೆ. ಸೋಸಿದ ನೀರನ್ನು ಒಂದು ಮುಹೂರ್ತ, ಎಂದರೆ 48 ನಿಮಿಷ ಕಳೆದ ಮೇಲೆ ಮತ್ತೆ ಸೋಸುತ್ತಾಳೆ. ಎರಡೂ ಲೋಟಗಳಲ್ಲಿ ನೀರು ಒಂದೇ ತೆರನಾಗಿ ತಿಳಿಯಾಗಿ ಕಾಣುತ್ತದೆ. ಆದರೆ ಒಂದರ ಹಿಂದೆ ಇರುವುದು ತನ್ನ ರಕ್ಷಣೆ, ಇನ್ನೊಂದರ ಹಿಂದೆ ಇರುವುದು ಪರರ ರಕ್ಷಣೆ. ಪದಾರ್ಥವೊಂದನ್ನೇ ನೋಡುವವನಿಗೆ ಈ ವ್ಯತ್ಯಾಸ ಕಾಣಿಸದು.

ಇನ್ನು ‘ಜೈನ’ ಎಂದು ಹೆಸರು ಹೊತ್ತ ತಿನಿಸುಗಳ ವಿಚಾರ. ಮುಂಬಯಿಯಲ್ಲಿ ಪಾವ್ ಭಾಜಿ ಮಾರುವ ಚಿಕ್ಕ ಅಂಗಡಿಯವನೂ ಆಲೂಗಡ್ಡೆಗೆ ಬದಲಾಗಿ ಬಾಳೆಕಾಯಿಯನ್ನು ಬೇಯಿಸಿ ಜಜ್ಜಿ ಜೈನ ಭಾಜಿಯನ್ನು ಮಾಡಿಕೊಡುತ್ತಾನೆ. ಅಹಮದಾಬಾದಿನ ಭೋಜನಾಲಯಗಳಲ್ಲಿ ಟೊಮ್ಯಾಟೊ, ಗೋಡಂಬಿಗಳಿಂದ ಈರುಳ್ಳಿಯಿಲ್ಲದ ರಸವನ್ನು ಬೇರೆಯಾಗಿಯೇ ಮಾಡಿಡುವ ಪದ್ಧತಿಯಿದೆ. ಇದು ಆ ನಗರಗಳ ಜೈನ ಸಮಾಜ ತಲೆಮಾರುಗಳಿಂದ ನಿಷ್ಠೆಯಿಂದ ನಡೆದುಕೊಂಡುದರ ಫಲ. ಇದನ್ನು ಹಳಿಯುವುದು ಕೃತಘ್ನತೆಯಾದೀತು. ಮಾರುವವನು ತನ್ನ ಮತದವನಲ್ಲದ ಗಿರಾಕಿಯ ನಿಯಮವನ್ನು ಗೌರವಿಸುವುದು ಸಣ್ಣ ಮಾತಲ್ಲ. ಆದರೆ ಅಂಗಡಿಯವನು ತಿಳಿದಿರುವುದು ಒಂದು ಬಿಡಿಕೆಯ ಪಟ್ಟಿಯನ್ನು ಮಾತ್ರ: ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳು. ಅಂದು ಅಷ್ಟಮಿಯೋ ಚತುರ್ದಶಿಯೋ, ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣದ ದಿನಗಳೋ, ಉಣ್ಣುವವನು ಆ ತಿಂಗಳು ತುಪ್ಪವನ್ನು ಬಿಟ್ಟಿರುವನೋ ಉಪ್ಪನ್ನು ಬಿಟ್ಟಿರುವನೋ ಎಂಬುದನ್ನು ಅವನು ಹೇಗೆ ತಿಳಿದಾನು? ತಿಳಿಯಬೇಕಾದವನು ಅವನಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಅಂಗಡಿಯ ಪಟ್ಟಿಯಲ್ಲಿ ಕಾಲವಿಲ್ಲ. ಇಂದೂರು ನಗರದ ಸರಾಫಾ ಬಜಾರು ಹಗಲಿನಲ್ಲಿ ಚಿನ್ನಬೆಳ್ಳಿಯ ಪೇಟೆ. ರಾತ್ರಿ ಆಭರಣದ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಅದೇ ಬೀದಿ ತಿಂಡಿಯ ಪೇಟೆಯಾಗುತ್ತದೆ. ದಿಗಂಬರ ಜೈನರು ಹೆಚ್ಚಾಗಿರುವ, ಸರ್ ಸೇಠ್ ಹುಕುಮ್‌ಚಂದರು ಕಟ್ಟಿಸಿದ ಕಾಚ್ ಮಂದಿರವಿರುವ ನಗರವದು. ರಾತ್ರಿ ಹತ್ತು ಗಂಟೆಗೆ ಅಲ್ಲಿ ನಿಂತು ಕಂದಮೂಲವಿಲ್ಲದ ತಿನಿಸೊಂದನ್ನು ಆರಿಸಿಕೊಂಡವನು ತಾನು ಜೈನಾಹಾರವನ್ನು ತಿಂದೆನೆಂದು ಹೇಳಿಕೊಳ್ಳಬಹುದೇ? ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾತ್ರಿಭೋಜನವನ್ನು ಎರಡು ಕಾರಣಗಳಿಂದ ನಿಷೇಧಿಸುತ್ತಾರೆ. ಹಗಲಿನ ಊಟಕ್ಕಿಂತ ರಾತ್ರಿಯ ಊಟದಲ್ಲಿ ರಾಗ ಹೆಚ್ಚು ಎಂಬುದು ಒಂದು. ಸೂರ್ಯನ ಬೆಳಕಿಲ್ಲದೆ ಉಣ್ಣುವವನು ದೀಪವನ್ನು ಹಚ್ಚಿಕೊಂಡರೂ ಆಹಾರದಲ್ಲಿ ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾರನು ಎಂಬುದು ಇನ್ನೊಂದು. ವಿದ್ಯುದ್ದೀಪದ ಕಾಲದಲ್ಲಿ ಈ ನಿಷೇಧವೇಕೆ ಎನ್ನುವವರು, ದೀಪದ ಆಕ್ಷೇಪಕ್ಕೆ ಅಂದೇ ಉತ್ತರ ದೊರೆತಿರುವುದನ್ನು ಗಮನಿಸಬೇಕು.

ಕಾಲದ ನಿಯಮವು ಗಡಿಯಾರದ ನಿಯಮವೂ ಅಲ್ಲ. ದೇಶಕ್ಕೆಲ್ಲ ಗಡಿಯಾರವೊಂದೇ, ಸೂರ್ಯಾಸ್ತ ಒಂದೇ ಅಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಮುಂಬಯಿಯಲ್ಲಿ ಸಂಜೆ ಸುಮಾರು ಆರು ಗಂಟೆಗೆ ಸೂರ್ಯ ಮುಳುಗಿದರೆ, ಕೋಲ್ಕತ್ತದಲ್ಲಿ ಐದು ಗಂಟೆಗೆ ಮೊದಲೇ ಮುಳುಗಿರುತ್ತಾನೆ. ಮುಂಬಯಿಯಲ್ಲಿ ಐದೂಕಾಲಿಗೆ ಉಂಡು ಅಭ್ಯಾಸವಾದವನು ಕೋಲ್ಕತ್ತದಲ್ಲಿಯೂ ಗಡಿಯಾರವನ್ನು ನೋಡಿ ಐದೂಕಾಲಿಗೆ ಉಂಡರೆ ಅವನು ಉಂಡುದು ರಾತ್ರಿಯಲ್ಲಿ. ಇಂಗ್ಲೆಂಡಿಗೆ ಹೋದವರ ಪರೀಕ್ಷೆ ಇನ್ನೂ ಕಠಿಣ. ಲಂಡನ್ನಿನಲ್ಲಿ ಡಿಸೆಂಬರಿನ ನಡುವೆ ನಾಲ್ಕು ಗಂಟೆಗೆ ಮೊದಲೇ ಸೂರ್ಯಾಸ್ತ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಬೆಳಕು. ಒಂದು ಋತುವಿನಲ್ಲಿ ಕಚೇರಿ ಬಿಡುವ ಮೊದಲೇ ಊಟದ ಹೊತ್ತು ಕಳೆದುಹೋಗುತ್ತದೆ; ಇನ್ನೊಂದು ಋತುವಿನಲ್ಲಿ ದಿನವಿಡೀ ತಿನ್ನುತ್ತ ಕುಳಿತರೂ ರಾತ್ರಿಯಾಗುವುದಿಲ್ಲ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಸುವ ಸಂಪ್ರದಾಯವನ್ನು ಅಲ್ಲಿ ಯಾವ ತಿಂಡಿಪಟ್ಟಿಯೂ ನೆನಪಿಸಿಕೊಡದು. ಆಕಾಶವನ್ನು ನೋಡಿ ತೀರ್ಮಾನಿಸಬೇಕಾದವನು ಉಣ್ಣುವವನೇ.

ಇಷ್ಟು ವಿಚಾರಿಸಿದ ಮೇಲೆ ಮೂಲಪ್ರಶ್ನೆಗೆ ಬರಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಮೂರು ಗುಣವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಒಮ್ಮೆ ಅನುಭವಿಸಿ ಮುಗಿಯುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಅನುಭವಿಸುವ ವಸ್ತ್ರಾದಿಗಳು ಉಪಭೋಗ. ಇವುಗಳನ್ನು ಜೀವನಪರ್ಯಂತ ಬಿಡುವುದು ಯಮ. ಒಂದು ದಿನ, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ಗೊತ್ತುಮಾಡಿ ಬಿಡುವುದು ನಿಯಮ. ಇದೇ ಸಂದರ್ಭದಲ್ಲಿ ಆಚಾರ್ಯರು ಒಂದು ಸೂಕ್ಷ್ಮವನ್ನು ತಿಳಿಸುತ್ತಾರೆ. ಅನಿಷ್ಟವಾದುದನ್ನೂ ಸೇವಿಸಬಾರದುದನ್ನೂ ತ್ಯಜಿಸಬೇಕು, ಸರಿ. ಆದರೆ ವ್ರತವೆಂಬ ಹೆಸರು ಸಲ್ಲುವುದು, ಸೇವಿಸಲು ಯೋಗ್ಯವಾದುದರಿಂದಲೂ ತಿಳಿದು ಸಂಕಲ್ಪಿಸಿ ಹಿಂದೆಗೆದಾಗ ಎಂಬುದು ಅವರ ಅಭಿಪ್ರಾಯ.

ಈ ಒಂದು ಮಾತು ಹೊರಗಿನ ಊಟದ ಸಮಸ್ಯೆಯ ಮೇಲೆ ದೊಡ್ಡ ಬೆಳಕನ್ನು ಚೆಲ್ಲುತ್ತದೆ. ಹೋಟೆಲಿನವನು ತಿನಿಸಿನಿಂದ ಈರುಳ್ಳಿಯನ್ನು ತೆಗೆದನು ಎಂದರೆ ತಿನಿಸು ಬದಲಾಯಿತು. ಉಣ್ಣುವವನಲ್ಲಿ ಏನು ಬದಲಾಯಿತು? ಅಭಕ್ಷ್ಯವು ತಟ್ಟೆಗೆ ಬರದಿರುವುದು ಒಂದು ರಕ್ಷಣೆ. ಬೇಲಿಯಿಲ್ಲದೆ ಬೆಳೆಯಿಲ್ಲವೆಂಬಂತೆ ಅದೂ ಬೇಕು. ಆದರೆ ಬೇಲಿಯೇ ಬೆಳೆಯಲ್ಲ. ಬೆಳೆ ಹುಟ್ಟುವುದು, ಎದುರಿಗೆ ಯೋಗ್ಯವಾದ ಪದಾರ್ಥವೇ ಇರುವಾಗ, ಬೇಕೆನ್ನುವ ನಾಲಗೆಯೂ ಕೊಡುವ ಹಣವೂ ಇರುವಾಗ, ಇಂದಿಗೆ ಇಷ್ಟು ಸಾಕು ಎಂಬ ಮಾತು ಉಣ್ಣುವವನ ಒಳಗಿನಿಂದ ಬಂದಾಗ. ಆ ಮಾತನ್ನು ಆಡಲು ಯಾವ ಊರಿನ ಯಾವ ಅಡಿಗೆಯವನ ಸಹಾಯವೂ ಬೇಕಿಲ್ಲ. ಅದನ್ನು ತಪ್ಪಿಸುವ ಶಕ್ತಿಯೂ ಅವನಿಗಿಲ್ಲ.

ಈ ಸಂಕಲ್ಪವಿಲ್ಲದಿದ್ದರೆ ತ್ಯಾಗವೂ ರುಚಿಗೆ ದಾರಿಯಾಗುವುದು ಮನುಷ್ಯಸ್ವಭಾವ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಸಂಸ್ಥೆಯವರು ಹೇಳುವಂತೆ, ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ಅಭಾವದಲ್ಲಿ ಅವರ ಅಡಿಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು. ಅಭಾವದಿಂದ ಹುಟ್ಟಿದುದನ್ನು ಇಂದು ಜನ ಬಯಸಿ ಸಾಲುನಿಂತು ತಿನ್ನುತ್ತಾರೆ. ಅಡಿಗೆಯವನ ಜಾಣ್ಮೆಗೆ ಇದು ಭೂಷಣವೇ. ಆದರೆ ವ್ರತಿಯು ಎಚ್ಚರದಿಂದಿರಬೇಕಾದ ಸ್ಥಳವೂ ಇದೇ. ಆಲೂಗಡ್ಡೆಯನ್ನು ಬಿಟ್ಟು ಬಾಳೆಕಾಯಿಯ ಭಾಜಿಯನ್ನು ತಿನ್ನುವುದು ನಿರ್ದೋಷ. ಆದರೆ ಯಾವ ಊರಿನ ಯಾವ ಅಂಗಡಿಯ ಭಾಜಿ ಆಲೂಗಡ್ಡೆಯದರಂತೆಯೇ ಇರುತ್ತದೆಂದು ಹುಡುಕುತ್ತ ಹೋಗುವುದು ಬಿಟ್ಟುದನ್ನೇ ಬೆನ್ನಟ್ಟಿದಂತೆ. ಸಮಂತಭದ್ರರು ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಪದಾರ್ಥದ ಹೆಸರೊಂದೂ ಇಲ್ಲವೆಂಬುದು ಗಮನಾರ್ಹ. ವಿಷಯಗಳೆಂಬ ವಿಷದ ಬಗೆಗೆ ಉಪೇಕ್ಷೆ ಹುಟ್ಟದಿರುವುದು, ಹಿಂದೆ ಅನುಭವಿಸಿದುದನ್ನು ಮತ್ತೆ ಮತ್ತೆ ನೆನೆಯುವುದು, ಈಗಿನದರಲ್ಲಿ ಅತಿಯಾದ ಆಸಕ್ತಿ, ಮುಂದಿನದಕ್ಕಾಗಿ ಅತಿಯಾದ ತೃಷ್ಣೆ, ಅತಿಯಾದ ಅನುಭವ, ಇವೇ ಆ ಐದು. ನಾಲ್ಕು ಊರು ಸುತ್ತಿ ಬಂದವನು ಸಾಧರ್ಮಿಗಳ ನಡುವೆ ಕುಳಿತು, ಆ ಊರಿನ ಬಾಟಿ ಹೀಗಿತ್ತು, ಈ ಊರಿನ ಸಿಹಿ ಹಾಗಿತ್ತು, ಮುಂದಿನ ಸಲ ಇನ್ನೊಂದನ್ನು ನೋಡಬೇಕು ಎಂದು ವರ್ಣಿಸುವಾಗ ಅವನ ತಟ್ಟೆಯಲ್ಲಿ ಏನೂ ಇರುವುದಿಲ್ಲ. ಅತಿಚಾರಗಳು ಮಾತ್ರ ಸಾಲಾಗಿ ಬಡಿಸಲ್ಪಡುತ್ತಿರುತ್ತವೆ.

ಸಂಕಲ್ಪದ ಬೆಲೆ ಅದರ ಗಾತ್ರದಲ್ಲಿಲ್ಲ ಎಂಬುದಕ್ಕೆ ಖದಿರಸಾರನ ಕಥೆಗಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. ವಿಂಧ್ಯದ ಕಾಡಿನ ಆ ಬೇಡನಿಗೆ ಮಾಂಸವೇ ಆಹಾರ. ಎಲ್ಲವನ್ನೂ ಬಿಡಲಾರೆನೆಂದ ಅವನನ್ನು ಮುನಿಗಳು, ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಕೇಳಿದರು. ಇಲ್ಲವೆಂದನು. ಹಾಗಾದರೆ ಅದನ್ನೇ ಬಿಡು ಎಂದರು. ಎಂದೂ ತಿನ್ನದುದನ್ನು ಬಿಡುವುದು ಎಷ್ಟು ಹಗುರ! ಆದರೆ ಮುಂದೆ ರೋಗ ಬಂದಿತು. ವೈದ್ಯರು ಕಾಗೆಯ ಮಾಂಸವನ್ನೇ ಔಷಧವೆಂದರು. ಬಂಧುಗಳು ಅಂಗಲಾಚಿದರು. ಅವನು ಪ್ರಾಣವನ್ನು ಬಿಡಲು ಒಪ್ಪಿದನು, ಮಾತನ್ನು ಬಿಡಲು ಒಪ್ಪಲಿಲ್ಲ. ಆ ಜೀವವೇ ಮುಂದೆ ಮಗಧದ ಶ್ರೇಣಿಕ ಮಹಾರಾಜನಾಯಿತೆಂದು ಪುರಾಣ ಹೇಳುತ್ತದೆ. ಅವನ ವ್ರತ ಶ್ರಾವಕನ ವ್ರತಗಳ ಮುಂದೆ ಸಾಸಿವೆಯಷ್ಟು. ಆದರೆ ಅದು ಅವನದೇ ಆಗಿತ್ತು, ಮೊದಲೇ ಆಡಿದ ಮಾತಾಗಿತ್ತು, ಬೇಕಾದಾಗ ಹಿಗ್ಗಿಸಿ ಬೇಡವಾದಾಗ ಕುಗ್ಗಿಸುವ ಮಾತಾಗಿರಲಿಲ್ಲ.

ಒಂದೇ ಮನೆಯ ಮೂವರನ್ನು ಕಲ್ಪಿಸಿಕೊಂಡರೆ ಈ ತತ್ತ್ವವು ವ್ಯವಹಾರದಲ್ಲಿ ಹೇಗೆ ನಿಲ್ಲುತ್ತದೆಂಬುದು ತಿಳಿಯುತ್ತದೆ. ಅಜ್ಜಿಯು ಪ್ರತಿಮಾಧಾರಿ. ಸಚಿತ್ತತ್ಯಾಗ, ರಾತ್ರಿಭುಕ್ತಿತ್ಯಾಗಗಳನ್ನು ಕೈಗೊಂಡವರು. ಅವರಿಗೆ ಹೋಟೆಲಿನ ಪ್ರಶ್ನೆಯೇ ಇಲ್ಲ. ಯಾತ್ರೆಗೆ ಹೊರಟರೆ ಶೋಧಿಸಿದ ಪದಾರ್ಥವನ್ನೂ ನೀರು ಸೋಸುವ ಬಟ್ಟೆಯನ್ನೂ ಜೊತೆಯಲ್ಲಿ ಒಯ್ಯುತ್ತಾರೆ. ಹೊತ್ತು ಮೀರಿದರೆ ಉಪವಾಸ. ಮಗನು ವ್ಯಾಪಾರಿ, ತಿಂಗಳಲ್ಲಿ ಹತ್ತು ದಿನ ಪರಸ್ಥಳದಲ್ಲಿ ಇರುವವನು. ಅವನು ಹೊರಡುವ ಮೊದಲೇ ನಿಯಮ ಮಾಡಿಕೊಳ್ಳುತ್ತಾನೆ: ಪಯಣದ ದಿನಗಳಲ್ಲಿ ಹಗಲಿನಲ್ಲಿ ಮಾತ್ರ ಊಟ, ಮೂರೇ ಪದಾರ್ಥ, ಸಿಹಿಯಿಲ್ಲ, ಕರಿದುದಿಲ್ಲ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಜೈನ ಎಂಬ ಫಲಕವಿಲ್ಲ. ತಟ್ಟೆಯಲ್ಲಿ ಹಸಿ ಈರುಳ್ಳಿಯೂ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯೂ ಬರುವ ಜಾಗ ಅದು. ಆದರೆ ಬಿಸಿ ಜೋಳದ ರೊಟ್ಟಿ, ಒಗ್ಗರಣೆಯಿಲ್ಲದ ಬೆಂದ ಬೇಳೆ, ತುಪ್ಪ, ಇಷ್ಟೇ ಸಾಕೆಂದು ಮಧ್ಯಾಹ್ನದಲ್ಲಿ ಕೇಳಿ ಉಂಡು ಏಳುವ ಅವನು, ಮಹಾನಗರದ ದೊಡ್ಡ ಭೋಜನಾಲಯದಲ್ಲಿ ರಾತ್ರಿ ಒಂಬತ್ತಕ್ಕೆ ಹದಿನೆಂಟು ಬಗೆಯ ಜೈನ ತಿನಿಸುಗಳ ಮುಂದೆ ಕುಳಿತವನಿಗಿಂತ ವ್ರತಕ್ಕೆ ಹತ್ತಿರದಲ್ಲಿದ್ದಾನೆ.

ಮೊಮ್ಮಗಳ ವಿಷಯವೇ ಕಷ್ಟದ್ದು. ಆಕೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ವಸತಿಗೃಹದಲ್ಲಿ ಅಡಿಗೆಗೆ ಅವಕಾಶವಿಲ್ಲ. ಕೆಲಸ ಬಿಡುವ ಹೊತ್ತಿಗೆ ಕತ್ತಲಾಗಿರುತ್ತದೆ. ವ್ರತದ ಮಾತು ತನಗಲ್ಲವೆಂದು ಆಕೆ ನಿರಾಶಳಾಗಬೇಕೇ? ಆಕೆಗೆ ಹಿರಿಯರು ಹೇಳಬೇಕಾದುದು, ಎಲ್ಲವನ್ನೂ ಪಾಲಿಸು ಇಲ್ಲವೇ ಎಲ್ಲವನ್ನೂ ಬಿಡು ಎಂದಲ್ಲ. ಮೂಲಗುಣಗಳಲ್ಲಿ ರಿಯಾಯಿತಿಯಿಲ್ಲ; ಅದು ಎಲ್ಲರಿಗೂ ಒಂದೇ. ಅದರ ಮೇಲೆ ತನ್ನಿಂದಾಗುವ ಒಂದು ನಿಯಮವನ್ನು ಆಕೆಯೇ ಆರಿಸಿಕೊಳ್ಳಲಿ. ಪಕ್ಷದಲ್ಲಿ ಎರಡು ದಿನ, ಅಷ್ಟಮಿ ಚತುರ್ದಶಿಗಳಲ್ಲಿ, ಸಂಜೆಯ ಮುಂಚೆ ಕಚೇರಿಯಲ್ಲಿಯೇ ಹಣ್ಣನ್ನೋ ಅವಲಕ್ಕಿಯನ್ನೋ ತಿಂದು ರಾತ್ರಿ ಏನನ್ನೂ ಮುಟ್ಟದಿರುವ ನಿಯಮವನ್ನು ಒಂದು ಋತುವಿನ ಮಟ್ಟಿಗೆ ಹಿಡಿದು ನಡೆಸಿದರೆ, ಮುಂದಿನ ಋತುವಿಗೆ ಎರಡು ದಿನ ಮೂರಾಗುತ್ತದೆ. ಕಾಲಮಿತಿಯ ನಿಯಮವನ್ನು ಆಚಾರ್ಯರು ವಿಧಿಸಿರುವುದು ಇಂಥವರ ಕೈಹಿಡಿದು ನಡೆಸುವುದಕ್ಕಾಗಿಯೇ.

ಇದರಿಂದ ಶಿಥಿಲಾಚಾರಕ್ಕೆ ಬಾಗಿಲು ತೆರೆದಂತಾಗದೇ, ಪ್ರತಿಯೊಬ್ಬನೂ ತನಗೆ ಅನುಕೂಲವಾದುದನ್ನೇ ನಿಯಮವೆನ್ನಲಾರಂಭಿಸಿದರೆ ಗತಿಯೇನು ಎಂದು ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರವು ಕಾಲದಲ್ಲಿದೆ. ಪರಿಮಾಣವನ್ನು ಹಸಿವಿಗೆ ಮೊದಲು, ಸಾಧ್ಯವಾದರೆ ಗುರುಗಳ ಇಲ್ಲವೆ ಹಿರಿಯರ ಸಮಕ್ಷಮದಲ್ಲಿ, ಬಾಯಿಬಿಟ್ಟು ಹೇಳಿ ಮಾಡಬೇಕು. ಮೇಜಿನ ಮುಂದೆ ಕುಳಿತ ಮೇಲೆ ಮಾಡಿದ ಪರಿಮಾಣವು ಪರಿಮಾಣವಲ್ಲ. ಅದು ನಾಲಗೆ ಬರೆದ ತೀರ್ಪು, ಬುದ್ಧಿ ಅದಕ್ಕೆ ಹಾಕಿದ ರುಜು. ಮೊದಲೇ ಗೊತ್ತುಮಾಡಿದ ಚಿಕ್ಕ ಎಲ್ಲೆಯೂ ಒಂದಲ್ಲ ಒಂದು ದಿನ ಚುಚ್ಚುತ್ತದೆ. ಚುಚ್ಚಿದ ದಿನವೂ ಅದರೊಳಗೇ ನಿಲ್ಲುವುದರಿಂದ ವ್ರತ ಬಲಿಯುತ್ತದೆ. ಎಂದಿಗೂ ಚುಚ್ಚದ ಎಲ್ಲೆಯು ಎಲ್ಲೆಯೇ ಅಲ್ಲವೆಂದು ತಿಳಿದು ಅದನ್ನು ಇನ್ನಷ್ಟು ಒಳಕ್ಕೆ ಸರಿಸಿಕೊಳ್ಳಬೇಕು.

ಹೊರಗೆ ಉಣ್ಣುವಾಗ ಇನ್ನೊಂದು ಜೀವಿಯ ವಿಚಾರವನ್ನು ಮರೆಯಬಾರದು. ಆ ಜೀವಿ ಬಡಿಸುವವನು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಹತ್ತು ಮೇಜುಗಳ ನಡುವೆ ಓಡಾಡುವ ಮಾಣಿಯನ್ನು ನಿಲ್ಲಿಸಿ ಗದರುವ ಧ್ವನಿಯಲ್ಲಿ ಇದರಲ್ಲಿ ಈರುಳ್ಳಿಯಿದೆಯೇ ಎಂದು ಕೇಳಿದರೆ, ಅವನು ಒಳಗೆ ಹೋಗಿ ವಿಚಾರಿಸದೆಯೇ ಇಲ್ಲವೆಂದು ಬಿಡುತ್ತಾನೆ. ಆ ಸುಳ್ಳಿನಲ್ಲಿ ಕೇಳಿದವನ ಪಾಲೂ ಇದೆ. ಮನಸ್ಸು, ಮಾತು, ಕಾಯಗಳಿಂದ, ಮಾಡಿ, ಮಾಡಿಸಿ, ಅನುಮೋದಿಸಿ, ಹೀಗೆ ಒಂಬತ್ತು ಬಗೆಯಲ್ಲಿ ಪಾಪ ಬರುತ್ತದೆಂದು ತಿಳಿದ ಶ್ರಾವಕನು ಪರರ ಬಾಯಿಂದ ಅಸತ್ಯವನ್ನು ಹೊರಡಿಸುವ ರೀತಿಯಲ್ಲಿ ಪ್ರಶ್ನೆ ಕೇಳಬಾರದು. ತನ್ನ ನಿಯಮವನ್ನು ಶಾಂತವಾಗಿ ಎರಡು ಮಾತಿನಲ್ಲಿ ತಿಳಿಸಿ, ಸಂದೇಹವಿದ್ದರೆ ಹೇಳಪ್ಪ, ಬೇರೆಯದನ್ನು ತೆಗೆದುಕೊಳ್ಳುತ್ತೇನೆ ಎಂದರೆ ನಿಜ ಹೇಳಲು ಅವನಿಗೂ ಧೈರ್ಯ ಬರುತ್ತದೆ. ಈರುಳ್ಳಿಯ ಚೂರೊಂದು ಕಂಡಿತೆಂದು ಕೂಗಾಡಿ ತಟ್ಟೆಯನ್ನು ಹಿಂದಕ್ಕೆ ಕಳಿಸಿದರೆ ಆ ಅನ್ನ ತೊಟ್ಟಿಗೆ ಬೀಳುತ್ತದೆ. ಬಡವನ ಸಂಬಳದಿಂದ ಅದರ ಬೆಲೆ ಕಳೆಯಲೂಬಹುದು. ಅನಂತಕಾಯದ ಜೀವಗಳಿಗೆ ದಯೆ ತೋರಿದವನು ಎದುರಿಗೆ ನಿಂತ ಪಂಚೇಂದ್ರಿಯ ಜೀವಿಗೆ ನಿಷ್ಠುರನಾದರೆ ಆ ದಯೆ ಯಾರಿಗಾಗಿ?

ಕೊನೆಯದಾಗಿ, ಹೋಟೆಲಿನ ಊಟಕ್ಕೂ ಮುನಿಗಳ ಆಹಾರಚರ್ಯೆಗೂ ಇರುವ ಅಂತರವನ್ನು ಶ್ರಾವಕನು ಧ್ಯಾನಿಸಬೇಕು. ಹೋಟೆಲಿನಲ್ಲಿ ಗಿರಾಕಿಯು ಕೇಳಿದುದೇ ಅವನಿಗಾಗಿಯೇ ತಯಾರಾಗಿ ಬರುತ್ತದೆ. ಮುನಿಗಳು ತಮಗಾಗಿ ಮಾಡಿದ ಉದ್ದಿಷ್ಟ ಆಹಾರವನ್ನು ಸ್ವೀಕರಿಸುವುದಿಲ್ಲ, ಏನನ್ನೂ ಕೇಳುವುದಿಲ್ಲ. ವೃತ್ತಿಪರಿಸಂಖ್ಯಾನ ತಪವನ್ನು ಕೈಗೊಂಡು ಹೊರಟಾಗ ತಮ್ಮ ನಿಯಮವನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡಿರುತ್ತಾರೆ. ಅದು ಕೂಡಿ ಬಂದರೆ ನಿಂತು ಕರಪಾತ್ರದಲ್ಲಿ ದಿನಕ್ಕೊಮ್ಮೆ ಆಹಾರ. ಕೂಡಿ ಬರದಿದ್ದರೆ ಯಾರನ್ನೂ ದೂರದೆ ಮರಳುತ್ತಾರೆ. ನಿಯಮವು ಪೂರೈಸದಿದ್ದಾಗ ನಷ್ಟವೆಲ್ಲ ನಿಯಮ ಹೊತ್ತವರದು. ಲೋಕದ ಮೇಲೆ ಅದರ ಭಾರವಿಲ್ಲ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಕೊನೆಯದು ಉದ್ದಿಷ್ಟತ್ಯಾಗ. ಹೋಟೆಲಿನ ಮೇಜು ಆ ಏಣಿಯ ಬುಡದಲ್ಲಿದೆ. ಆದರೆ ಏಣಿಯ ಹೊರಗಿಲ್ಲ. ನಿಯಮ ಕೂಡಿ ಬರದ ಊರಿನಲ್ಲಿ, ಸಿಕ್ಕ ಎರಡು ಬಾಳೆಹಣ್ಣನ್ನು ಹಗಲಿರುವಾಗಲೇ ತಿಂದು, ಯಾರ ಮೇಲೂ ಮುನಿಯದೆ, ಆ ರಾತ್ರಿಯನ್ನು 108 ಬಾರಿ ಪಂಚನಮಸ್ಕಾರ ಮಂತ್ರದ ಜಪದಲ್ಲಿ ಕಳೆಯುವ ಗೃಹಸ್ಥನು ಆ ಏಣಿಯ ಮೇಲೆ ಕಾಲಿಟ್ಟವನೇ.

ಆದುದರಿಂದ ಪರಸ್ಥಳಕ್ಕೆ ಹೊರಡುವ ಶ್ರಾವಕ ಶ್ರಾವಿಕೆಯರು ಪೆಟ್ಟಿಗೆಯಲ್ಲಿ ಬಟ್ಟೆಬರೆಯನ್ನು ಜೋಡಿಸುವ ಮೊದಲು ದೇವರ ಮುಂದೆ ಕ್ಷಣಕಾಲ ನಿಂತು, ಎಷ್ಟು ದಿನ, ಯಾವ ಹೊತ್ತು, ಎಷ್ಟು ಪದಾರ್ಥ ಎಂಬ ಮೂರನ್ನು ಗೊತ್ತುಮಾಡಿಕೊಳ್ಳಲಿ. ಹೋದ ಊರಿನ ಸೂರ್ಯಾಸ್ತದ ಸಮಯವನ್ನು ಕೇಳಿ ತಿಳಿದುಕೊಳ್ಳಲಿ. ಸಾಧ್ಯವಾದ ಕಡೆ ಸಾಧರ್ಮಿಗಳ ಮನೆಯನ್ನೋ ಕ್ಷೇತ್ರದ ಭೋಜನಶಾಲೆಯನ್ನೋ ಆಶ್ರಯಿಸಲಿ. ಸಾಧ್ಯವಿಲ್ಲದ ಕಡೆ ಸರಳವಾದುದನ್ನು ಆರಿಸಲಿ. ಮನೆಗೆ ಮರಳಿದ ದಿನ, ಊರೂರಿನ ರುಚಿಯನ್ನು ವರ್ಣಿಸುವ ಬದಲು, ಗೊತ್ತುಮಾಡಿಕೊಂಡ ಮೂರರಲ್ಲಿ ಎಷ್ಟು ನಡೆಯಿತು, ಎಲ್ಲಿ ತಪ್ಪಿತು ಎಂದು ಪ್ರತಿಕ್ರಮಣ ಮಾಡಿ, ಮುಂದಿನ ಪಯಣದ ಪರಿಮಾಣವನ್ನು ಒಂದು ತುತ್ತು ಕಡಿಮೆ ಮಾಡಿಕೊಳ್ಳಲಿ.